ಅಮ್ಮ ಹಡಗಲ್ಲಿ ಈಜಿದ್ರು, ಊರಲ್ಲಿ ಎಲ್ಲಿ ಈಜ್ಬೇಕು?

ನಾನು ಅಬುಧಾಬಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಊರು ಕೊಡಗಿನ ನಾಪೋಕ್ಲು ಹತ್ರ, ಕಾಫಿ ತೋಟ, ಮೆಣಸು, ಸ್ವಲ್ಪ ಗದ್ದೆ. ಹೋದ ಬೇಸಿಗೇಲಿ ಅಪ್ಪ ಅಮ್ಮನ್ನ ಕರ್ಕೊಂಡು ಒಂದು ಸಣ್ಣ ಐಷಾರಾಮಿ ಹಡಗಲ್ಲಿ ಕ್ರೊಯೇಷಿಯಾ ಕಡೆ ಏಳು ದಿನ ಹೋಗಿ ಬಂದೆ. ಕ್ರೂಸ್ ಅಂದ ತಕ್ಷಣ ಎಲ್ರಿಗೂ 2024ರಲ್ಲಿ ಶುರುವಾದ ಐಕಾನ್ ಆಫ್ ದ ಸೀಸ್ ಥರದ್ದೇ ಕಣ್ಮುಂದೆ ಬರುತ್ತೆ, 365 ಮೀಟರ್ ಉದ್ದ, ಏಳು ಈಜುಕೊಳ, ತುಂಬಿದ್ರೆ ಏಳು ಸಾವಿರಕ್ಕೂ ಜಾಸ್ತಿ ಜನ. ನಾವು ಹೋಗಿದ್ದು ಅದಲ್ಲ. ನೂರೈವತ್ತು ಪ್ರಯಾಣಿಕರೂ ಇರ್ಲಿಲ್ಲ, ಈಜುಕೊಳ ಒಂದೇ, ಅದೂ ನಮ್ಮನೆ ಕಾಫಿ ಕಣಕ್ಕಿಂತ ಎಷ್ಟೋ ಚಿಕ್ಕದು.

ಜಿಮ್ ಮೇಲಿನ ಡೆಕ್ಕಲ್ಲಿ, ಹಡಗಿನ ಮುಂಭಾಗದಲ್ಲಿತ್ತು. ಗಾಜಿನಾಚೆ ಬರೀ ಸಮುದ್ರ, ನೋಡೋಕೆ ತುಂಬಾ ಚೆಂದ, ಆದ್ರೆ ಅಲೆ ಎದ್ದಾಗ ಹಡಗಲ್ಲಿ ಹೆಚ್ಚು ತೂಗಾಡೋದೂ ಆ ಮುಂಭಾಗ ಮತ್ತು ಎತ್ತರದ ಜಾಗಾನೇ, ನಡುಮಧ್ಯ ಕೆಳಗಡೆ ಕಮ್ಮಿ. ಅಪ್ಪ ಟ್ರೆಡ್‌ಮಿಲ್ ಹತ್ತಿ ಐದು ನಿಮಿಷಕ್ಕೆ ಇಳಿದ್ರು, ದಿನಾ ಬೆಳಿಗ್ಗೆ ಇಳಿಜಾರು ತೋಟ ಹತ್ತಿ ಇಳಿದು, ಮೆಣಸಿನ ಬಳ್ಳಿ ನೋಡಿ, ಮರಗಸಿ ಮಾಡೋರ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋರ ಹತ್ರ ಮಾತಾಡ್ಕೊಂಡು ಬರೋರಿಗೆ ಗಾಜಿನ ಮುಂದೆ ನಿಂತಲ್ಲೇ ನಡೆಯೋದು ಒಗ್ಗಲಿಲ್ಲ. ಡೆಕ್ ಸುತ್ತ ನಡೆಯೋಕೆ ಶುರು ಮಾಡಿದ್ರು. ಮೂರನೇ ದಿನಕ್ಕೆ ಇನ್ನಿಬ್ಬರು ವಯಸ್ಸಾದೋರು ಜೊತೆಗೆ ಸೇರ್ಕೊಂಡ್ರು, ಭಾಷೆ ಬರಲ್ಲ, ಕೈಸನ್ನೇಲೇ ಮಾತು. ಸ್ಪಾ ಇತ್ತು, ಅದಕ್ಕೆ ಬೇರೆ ದುಡ್ಡು, ನಾವು ಹೋಗ್ಲಿಲ್ಲ.

ನಂಗೆ ಇಷ್ಟ ಆಗಿದ್ದು ಹಿಂಭಾಗ. ದ್ವೀಪದ ಹತ್ರ ಲಂಗರು ಹಾಕಿ, ನೀರು ಶಾಂತವಾಗಿದ್ರೆ, ಹಡಗಿನ ಹಿಂದಿನ ಗೋಡೆ ಮಡಚಿ ನೀರಿನ ಮಟ್ಟಕ್ಕೆ ಬಂದು ಕಟ್ಟೆ ಥರ ಆಗುತ್ತೆ, ಮರೀನಾ ಅಂತಾರೆ. ಅಲ್ಲಿಂದ ಸೀದಾ ಕಯಾಕ್ ಹತ್ಬಹುದು, ಸಮುದ್ರಕ್ಕೆ ಇಳೀಬಹುದು. ಇಂಥ ಸಣ್ಣ ಹಡಗುಗಳಲ್ಲಿ ಇದು ಹಳೇ ಪದ್ಧತಿ, 1984ರಲ್ಲಿ ಸೀ ಗಾಡೆಸ್ ಅಂತ ಶುರುವಾಗಿ ಈಗ ಸೀಡ್ರೀಮ್ ಹೆಸರಲ್ಲಿ ಓಡ್ತಿರೋ ಹಡಗಲ್ಲೂ ಇದೆ.

ಆದ್ರೆ ನಾನು ಬರೀಬೇಕು ಅಂತ ಕೂತಿದ್ದು ಅಮ್ಮನ ವಿಷ್ಯ. ಅಮ್ಮಂಗೆ 64, ಎರಡೂ ಮಂಡಿ ಸವೆದಿದೆ, ನೀರಲ್ಲಿ ವ್ಯಾಯಾಮ ಮಾಡಿ ಅಂತ ಡಾಕ್ಟರ್ ಹೇಳಿ ಮೂರು ವರ್ಷ ಆಗಿತ್ತು. ಸೊಂಟದವರೆಗೆ ನೀರಲ್ಲಿ ನಿಂತ್ರೆ ಕಾಲಿನ ಮೇಲೆ ಬೀಳೋ ಭಾರ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಕುತ್ತಿಗೆವರೆಗೆ ಇಳಿದ್ರೆ ಹತ್ತನೇ ಒಂದು ಭಾಗ. ಇದು ಅಮ್ಮಂಗೆ ಗೊತ್ತಿತ್ತು, ಇಳಿಯೋಕೆ ಜಾಗ ಇರ್ಲಿಲ್ಲ ಅಷ್ಟೇ. ಚಿಕ್ಕೋರಿದ್ದಾಗ ಅಣ್ಣಂದಿರೆಲ್ಲ ಹೊಳೇಲಿ ಈಜೋರು, ಇವರು ದಡದಲ್ಲಿ ಬಟ್ಟೆ ಕಾಯ್ಕೊಂಡು ಕೂರೋರು.

ಹಡಗಿನ ಕೊಳಕ್ಕೆ ಸಮುದ್ರದ ನೀರೇ ತುಂಬಿಸಿದ್ರು. ಆ ಕಡೆ ನೀರಲ್ಲಿ ಲೀಟರಿಗೆ ಸುಮಾರು 38 ಗ್ರಾಂ ಉಪ್ಪು, ಅದಕ್ಕೇ ಮೈ ಬೇಗ ತೇಲುತ್ತೆ. ಟ್ರೈನರ್ ಹುಡುಗಿ ಅಮ್ಮನ ಬೆನ್ನ ಕೆಳಗೆ ಕೈ ಇಟ್ಟು ಹಿಡ್ಕೊಂಡ್ಳು, ಆಮೇಲೆ ಮೆಲ್ಲ ಬಿಟ್ಳು. ಅಮ್ಮ ತುಂಬುತೋಳಿನ ಈಜುಡುಗೆ ಹಾಕಿದ್ರು, ಸುತ್ತ ಇದ್ದ ಒಬ್ರೂ ತಿರುಗಿ ನೋಡ್ಲಿಲ್ಲ. "ನೋಡೋ, ಕಾಲು ನೋಯ್ತಾನೇ ಇಲ್ಲ" ಅಂದ್ರು. ನಂಗೆ ಕಣ್ಣು ತುಂಬ್ತು. ಐದನೇ ದಿನ ಅಲೆ ಜಾಸ್ತಿ ಅಂತ ಕೊಳದ ನೀರು ಖಾಲಿ ಮಾಡಿ ಮೇಲೆ ಬಲೆ ಕಟ್ಟಿದಾಗ ಅಮ್ಮನ ಮುಖ ಸಪ್ಪೆ ಆಗೋಯ್ತು.

ಕೊಡಗಲ್ಲಿ ಆಟಕ್ಕೆ ಕೊರತೆ ಅಂತ ಯಾರೂ ಹೇಳೋಕಾಗಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ, ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ 2024ರಲ್ಲಿ ನಮ್ಮ ನಾಪೋಕ್ಲಲ್ಲೇ ನಡೆದಾಗ 360 ತಂಡ ಬಂದಿತ್ತು, ರಜಾ ಹಾಕಿ ಹೋಗಿ ನೋಡಿದ್ದೆ, ಅಜ್ಜಂದಿರೂ ಹೆಂಗಸ್ರೂ ಸ್ಟಿಕ್ ಹಿಡಿದು ಮನೆತನದ ಹೆಸರಿಗೆ ಇಳಿಯೋದು ನಾನು ಬೇರೆಲ್ಲೂ ಕಂಡಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯೋದು, ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ಹಡಗಿನ ಜಿಮ್ಮಲ್ಲಿ ಒಬ್ಬೊಬ್ರೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬೆವರು ಸುರಿಸೋದಕ್ಕಿಂತ ಇದು ನೂರು ಪಾಲು ಮೇಲು, ಇದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಇದೆಲ್ಲ ವರ್ಷಕ್ಕೆ ಒಂದೆರಡು ದಿನದ್ದು, ಗಟ್ಟಿ ಕಾಲಿರೋರದ್ದು. ಮಂಡಿ ಹೋದೋರು ಉಳಿದ ದಿನ ಏನ್ಮಾಡ್ಬೇಕು? ತೋಟದ ಕೆರೇಲಿ ಇಳೀಲಿ ಅನ್ನೋರಿದ್ದಾರೆ, ದಯವಿಟ್ಟು ಬೇಡ, ಸ್ಪ್ರಿಂಕ್ಲರ್‌ಗೆ ಅಂತ ತೋಡಿರೋ ಕೆರೆ ಕಡಿದಾಗಿರುತ್ತೆ, ಪ್ಲಾಸ್ಟಿಕ್ ಹಾಸಿದ್ರಂತೂ ಈಜು ಬರೋರೇ ಜಾರಿ ಮೇಲೆ ಹತ್ತಕ್ಕಾಗಲ್ಲ.

ನಮ್ಮ ರಸ್ತೇಲೇ ಎರಡು ರೆಸಾರ್ಟ್ ಇದೆ, ಎರಡರಲ್ಲೂ ಒಳ್ಳೇ ಕೊಳ, ಶನಿವಾರ ಭಾನುವಾರ ಬಿಟ್ರೆ ನಾನು ಹೋದಾಗೆಲ್ಲ ನೀರು ಅಲ್ಲಾಡ್ದೆ ನಿಂತಿರೋದೇ ನೋಡಿದೀನಿ. ವಾರಕ್ಕೆ ಎರಡು ಬೆಳಿಗ್ಗೆ, ಒಂದೊಂದು ಗಂಟೆ, ಊರಿನ ಹೆಂಗಸ್ರಿಗೆ ಅಂತ ಬಿಟ್ಟುಕೊಡಿ, ಕಲಿಸೋಕೆ ಒಬ್ಬ ಹೆಣ್ಣುಮಗಳನ್ನ ಇಡಿ, ಇಳಿಯೋಕೆ ಒಂದು ಕಂಬಿ ಹಾಕ್ಸಿ. ದುಡ್ಡು ಕೊಡ್ತೀವಿ, ಪುಕ್ಕಟೆ ಕೇಳ್ತಿಲ್ಲ. ನೂರೈವತ್ತು ಜನರ ಹಡಗಲ್ಲಿ ಅಷ್ಟೇ ಜಾಗದಲ್ಲಿ ಮಾಡಿದಾರೆ ಅಂದ್ಮೇಲೆ ಇಷ್ಟು ಜಾಗ ಇರೋ ನಮಗೆ ಇದು ಕಷ್ಟ ಅಲ್ಲ.

ಮೊನ್ನೆ ಫೋನಲ್ಲಿ ಅಮ್ಮ ಮತ್ತೆ ಕೇಳಿದ್ರು, "ಆ ರೆಸಾರ್ಟ್‌ನವ್ರ ಹತ್ರ ಮಾತಾಡ್ತೀನಿ ಅಂದಿದ್ಯಲ್ಲ?" ಪುತ್ತರಿ ಹಬ್ಬಕ್ಕೆ ಊರಿಗೆ ಬರ್ತಿದೀನಿ, ಮೊದಲು ಅಲ್ಲಿಗೇ ಹೋಗ್ತೀನಿ.