ಪಿಇ ಆರೇ ಆರು! ಅದಕ್ಕೇ ನನಗೆ ಅನುಮಾನ

ಅಮೆರಿಕದ ಷೇರುಗಳನ್ನು ಇಲ್ಲಿಂದಲೇ ಕೊಳ್ಳುವ ಆ್ಯಪ್‌ಗಳು ಬಂದ ಮೇಲೆ ನಮ್ಮ ಗೆಳೆಯರ ಬಳಗದಲ್ಲೂ ಒಂದು ಚಾಳಿ ಶುರುವಾಗಿದೆ. ಷೇರುಗಳನ್ನು ಸೋಸಿ ಕೊಡುವ ಸ್ಕ್ರೀನರ್ ತೆರೆಯುವುದು, ಪಿಇ (ಷೇರಿನ ಬೆಲೆ ಅದರ ಒಂದು ವರ್ಷದ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ಹತ್ತಕ್ಕಿಂತ ಕಡಿಮೆ ಅಂತ ಹಾಕುವುದು, ಬಂದ ಪಟ್ಟಿಯನ್ನು ಗ್ರೂಪಿಗೆ ಎಸೆಯುವುದು. 2022ರಲ್ಲಿ ಅಂಥ ಪಟ್ಟಿಗಳಲ್ಲಿ ಇಣುಕುತ್ತಿದ್ದ ಒಂದು ಹೆಸರು ಕ್ಯಾಂಪಿಂಗ್ ವರ್ಲ್ಡ್. ಆರ್‌ವಿ, ಅಂದರೆ ಮಲಗಲು ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಇರುವ ಪ್ರವಾಸದ ವಾಹನಗಳನ್ನು ಮಾರುವ ಅಮೆರಿಕದ ಅತಿದೊಡ್ಡ ಮಳಿಗೆ ಜಾಲ. ಟಿವಿಯ ‘ದಿ ಪ್ರಾಫಿಟ್’ ಕಾರ್ಯಕ್ರಮದ ಮಾರ್ಕಸ್ ಲೆಮೊನಿಸ್ ಆಗ ಅದರ ಮುಖ್ಯಸ್ಥ.

ಲೆಕ್ಕ ನೋಡಿದರೆ ಬಾಯಲ್ಲಿ ನೀರೂರುವಂತಿತ್ತು. 2021ರಲ್ಲಿ ಪ್ರತಿ ಷೇರಿಗೆ ಸುಮಾರು 6 ಡಾಲರ್ ಲಾಭ. ವರ್ಷದ ಕೊನೆಗೆ ಷೇರಿನ ಬೆಲೆ 40 ಡಾಲರ್ ಸುತ್ತಮುತ್ತ. ಪಿಇ ಏಳೂ ಇಲ್ಲ. ಲಾಭದಲ್ಲಿ ಷೇರುದಾರರಿಗೆ ಹಂಚುವ ಡಿವಿಡೆಂಡ್ ಬೇರೆ ಕೈತುಂಬಾ. ‘ಇಷ್ಟು ಅಗ್ಗ ಎಲ್ಲಿ ಸಿಗುತ್ತೆ ಗುರೂ?’ ಅನ್ನುವುದು ಸಹಜವೇ. ಆದರೆ ಈ ವ್ಯಾಪಾರದಲ್ಲಿ ಪಿಇ ತೀರಾ ಕಡಿಮೆ ಕಂಡರೆ ಮೊದಲು ಅನುಮಾನ ಪಡಬೇಕು ಅನ್ನುವುದು ನನ್ನ ವಾದ.

ಆರ್‌ವಿ ಯಾರಿಗೂ ಅಗತ್ಯದ ವಸ್ತುವಲ್ಲ. ಸಾಲ ಮಾಡಿ ಕೊಳ್ಳುವವರೇ ಜಾಸ್ತಿ, ಅದೂ 15–20 ವರ್ಷದ ಕಂತಿನಲ್ಲಿ. ಬಡ್ಡಿ ಸ್ವಲ್ಪ ಏರಿದರೂ ‘ಮುಂದಿನ ವರ್ಷ ನೋಡೋಣ’ ಅಂತ ಮುಂದೂಡುತ್ತಾರೆ. ಅಲ್ಲಿನ ಆರ್‌ವಿ ಉದ್ಯಮ ಸಂಘದ ಅಂಕಿಗಳನ್ನೇ ನೋಡಿ. 2017ರಲ್ಲಿ ಕಾರ್ಖಾನೆಗಳಿಂದ ಡೀಲರ್‌ಗಳಿಗೆ ಹೋದದ್ದು ಐದು ಲಕ್ಷ ವಾಹನ. 2019ರಲ್ಲಿ ನಾಲ್ಕು ಲಕ್ಷ. ಕೋವಿಡ್ ಬಂತು, ವಿಮಾನ ಬೇಡ, ಹೋಟೆಲ್ ಬೇಡ ಅಂತ ಜನ ಆರ್‌ವಿ ಹಿಂದೆ ಬಿದ್ದರು. 2021ರಲ್ಲಿ ಆರು ಲಕ್ಷ, ಅದುವರೆಗಿನ ದಾಖಲೆ. ಎರಡೇ ವರ್ಷ. 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಕುಸಿಯಿತು.

2021ರಲ್ಲಿ ಸಂಖ್ಯೆ ಮಾತ್ರ ಹೆಚ್ಚಿದ್ದಲ್ಲ, ಮಾರ್ಜಿನ್ (ಮಾರಿದ ಬೆಲೆಯಲ್ಲಿ ಡೀಲರ್‌ಗೆ ಉಳಿಯುವ ಪಾಲು) ಕೂಡ ಉಬ್ಬಿತ್ತು. ಅಂಗಳದಲ್ಲಿ ಗಾಡಿಯೇ ಇಲ್ಲ, ಕೊಳ್ಳುವವರು ಸಾಲುಗಟ್ಟಿದ್ದಾರೆ ಅಂದರೆ ಯಾವ ಡೀಲರ್ ರಿಯಾಯಿತಿ ಕೊಡುತ್ತಾನೆ? ಹೊಸ ವಾಹನದ ಮೇಲಿನ ಒಟ್ಟು ಮಾರ್ಜಿನ್ ಆ ವರ್ಷ ನೂರಕ್ಕೆ 26ರ ಹತ್ತಿರ ಹೋಗಿತ್ತು, 2023ಕ್ಕೆ 15ರ ಆಸುಪಾಸಿಗೆ ಬಂತು. ಅಂದರೆ ಆ 6 ಡಾಲರ್ ಲಾಭ ದಾಖಲೆಯ ಮಾರಾಟ ಮತ್ತು ಉಬ್ಬಿದ ಮಾರ್ಜಿನ್ ಎರಡೂ ಒಟ್ಟಿಗೆ ಬಂದ ವರ್ಷದ್ದು. ಅಡಿಕೆ ಧಾರಣೆ ನೆತ್ತಿಗೇರಿದ ವರ್ಷದ ಆದಾಯ ಹಿಡಿದು ತೋಟಕ್ಕೆ ಬೆಲೆ ಕಟ್ಟಿದ ಹಾಗೆ. ಮಲೆನಾಡಿನ ಯಾವ ಹಿರಿಯರೂ ಆ ಕೆಲಸ ಮಾಡುವುದಿಲ್ಲ.

ಮಾರುಕಟ್ಟೆಗೂ ಇದು ಗೊತ್ತಿತ್ತು. ಅದಕ್ಕೇ ಪಿಇ ಏಳು ದಾಟಿರಲಿಲ್ಲ. ತಮಾಷೆ ನೋಡಿ, 2023ರ ಕೊನೆಗೆ ಷೇರು 26 ಡಾಲರ್ ಸುತ್ತ ಇತ್ತು, ಲಾಭ ಒಂದು ಡಾಲರ್ ಕೂಡ ಇರಲಿಲ್ಲ. ಪಿಇ ಎಲ್ಲೋ 40ರ ಆಸುಪಾಸು. ಸ್ಕ್ರೀನರ್ ಪ್ರಕಾರ 40 ಡಾಲರ್ ಇದ್ದಾಗ ಅಗ್ಗ, 26 ಇದ್ದಾಗ ದುಬಾರಿ! 2024ರಲ್ಲಂತೂ ನಷ್ಟ. ನಷ್ಟಕ್ಕೆ ಪಿಇ ಅಂತಲೇ ಇಲ್ಲ.

ಹಾಗಾದರೆ ಯಾವ ಲಾಭ ಹಿಡಿಯಬೇಕು? ನನ್ನ ಪದ್ಧತಿ ಒರಟಾಗಿದೆ, ಆದರೆ ನನಗೆ ಸಾಕು. ಮೇಲೊಂದು ಕೆಳಗೊಂದು ಇರುವ ಪೂರ್ತಿ ಸುತ್ತನ್ನು ತೆಗೆದುಕೊಳ್ಳುತ್ತೇನೆ. ಕಂಪನಿಯ ಒಟ್ಟು ನಿವ್ವಳ ಲಾಭ 2019ರಲ್ಲಿ ಸುಮಾರು 12 ಕೋಟಿ ಡಾಲರ್ ನಷ್ಟ, 2020ರಲ್ಲಿ 34 ಕೋಟಿ ಲಾಭ, 2021ರಲ್ಲಿ 64 ಕೋಟಿ, 2022ರಲ್ಲಿ 35 ಕೋಟಿ, 2023ರಲ್ಲಿ 5 ಕೋಟಿ, 2024ರಲ್ಲಿ 8 ಕೋಟಿ ನಷ್ಟ. ಆರು ವರ್ಷದ ಸರಾಸರಿ 20 ಕೋಟಿ ಡಾಲರ್ ಹತ್ತಿರ. ಎಲ್ಲ ಪಾಲುಗಳಿಗೆ ಹಂಚಿದರೆ ಷೇರಿಗೆ ಎರಡು ಡಾಲರ್ ಚಿಲ್ಲರೆ. 40 ಡಾಲರ್‌ಗೆ ಕೊಂಡವರು ನಿಜವಾಗಿ ಕೊಟ್ಟದ್ದು ಆರು ಪಟ್ಟಲ್ಲ, ಹೆಚ್ಚುಕಡಿಮೆ 18–20 ಪಟ್ಟು. ಸಾಲದ ಹೊರೆ ಇರುವ, ಏರಿಳಿತದ ವ್ಯಾಪಾರಕ್ಕೆ ನಾನು ಹತ್ತು ಹನ್ನೊಂದು ಪಟ್ಟಿಗಿಂತ ಮೇಲೆ ಹೋಗುವವನಲ್ಲ. ಅಂದರೆ 20ರಿಂದ 25 ಡಾಲರ್. (2022ರ ಕೊನೆಗೆ ಷೇರು 22ರ ಸುತ್ತ ಬಂದು ನಿಂತಿತ್ತು. ಆರು ವರ್ಷದ ಅಂಕಿ ಕೈಯಲ್ಲಿಟ್ಟುಕೊಂಡು ಇವತ್ತು ಹೇಳುವುದು ಸುಲಭ, ಒಪ್ಪುತ್ತೇನೆ. ಆದರೆ 2019ರ ನಷ್ಟ ಆಗಲೂ ಎಲ್ಲರ ಕಣ್ಣಮುಂದೆಯೇ ಇತ್ತಲ್ವಾ?)

‘ಎಲ್ಲ ಪಾಲುಗಳಿಗೆ’ ಅಂದದ್ದು ಸುಮ್ನೆ ಅಲ್ಲ. ಈ ಕಂಪನಿಯ ರಚನೆಯೇ ಸ್ವಲ್ಪ ತಿರುಚು. ನಾವು ಕೊಳ್ಳುವ ಎ ದರ್ಜೆ ಷೇರಿನವರಿಗೆ ವ್ಯಾಪಾರದ ಒಂದು ಭಾಗ ಮಾತ್ರ ಸೇರಿದ್ದು, ಉಳಿದದ್ದು ಹಳೆಯ ಮಾಲೀಕರದು. 2021ರ 64 ಕೋಟಿಯಲ್ಲಿ ಎ ದರ್ಜೆಯವರ ಪಾಲು ಸುಮಾರು 28 ಕೋಟಿ ಅಷ್ಟೇ. ಇದು ಗೊತ್ತಿಲ್ಲದೆ ಎ ಷೇರುಗಳ ಮಾರುಕಟ್ಟೆ ಮೌಲ್ಯವನ್ನು ಪೂರ್ತಿ ಲಾಭದಿಂದ ಭಾಗಿಸಿದರೆ ಪಿಇ ಮೂರಕ್ಕಿಂತ ಕೆಳಗೆ ಬರುತ್ತದೆ! ಅಂಥ ಲೆಕ್ಕ ಕಂಡರೆ ಖುಷಿ ಪಡಬೇಡಿ, ವಾರ್ಷಿಕ ವರದಿ ತೆರೆಯಿರಿ.

ಕೆಲವರು ಪಿಇ ಬಿಟ್ಟು ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಪಟ್ಟು ನೋಡಿ ಅನ್ನುತ್ತಾರೆ. ನೋಡಬಹುದು, ಆದರೆ ಅಲ್ಲೂ ಒಂದು ಕಿತಾಪತಿ ಇದೆ. ಡೀಲರ್‌ಗಳು ಅಂಗಳದಲ್ಲಿ ನಿಲ್ಲಿಸಿದ ಹೊಸ ಗಾಡಿಗಳನ್ನು ಬಹುಮಟ್ಟಿಗೆ ಸಾಲದಲ್ಲೇ ತಂದಿರುತ್ತಾರೆ. ಅದಕ್ಕೆ ಫ್ಲೋರ್ ಪ್ಲಾನ್ ಸಾಲ ಅನ್ನುತ್ತಾರೆ. ಗಾಡಿ ಮಾರಿದ ದಿನ ತೀರುತ್ತದೆ ಎಂಬ ಕಾರಣಕ್ಕೆ ಅದನ್ನು ಕಂಪನಿಯ ಸಾಲದಲ್ಲಿ ಸೇರಿಸದೆ ಲೆಕ್ಕ ಹಾಕುವುದು ರೂಢಿ. ಹಾಗೆ ಬಿಟ್ಟರೆ ಅದರ ಬಡ್ಡಿಯನ್ನಾದರೂ ಖರ್ಚು ಅಂತ ಕಳೆಯಬೇಕು. ಎರಡೂ ಕಡೆ ಬಿಟ್ಟವರ ಲೆಕ್ಕದಲ್ಲಿ ಎಲ್ಲ ಡೀಲರ್‌ಗಳೂ ಅಗ್ಗವೇ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಏರಿಸಿದ್ದೇ ತಡ, ಕ್ಯಾಂಪಿಂಗ್ ವರ್ಲ್ಡ್‌ನ ಈ ಬಡ್ಡಿ 2021ರಲ್ಲಿ ಒಂದೂವರೆ ಕೋಟಿ ಡಾಲರ್ ಒಳಗಿದ್ದದ್ದು 2023ರಲ್ಲಿ ಎಂಟು ಕೋಟಿ ದಾಟಿತು. ಮಾರಾಟವಾಗದ 2022ರ ಮಾಡೆಲ್‌ಗಳು ಅಂಗಳದಲ್ಲಿ ನಿಂತೇ ಬಡ್ಡಿ ತಿನ್ನುತ್ತಿದ್ದವು. ತ್ರೈಮಾಸಿಕಕ್ಕೆ 62.5 ಸೆಂಟ್ಸ್ ಇದ್ದ ಡಿವಿಡೆಂಡ್ ಅದೇ ವರ್ಷ 12.5ಕ್ಕೆ ಇಳಿಯಿತು. ಡಿವಿಡೆಂಡ್ ನೋಡಿ ಕೊಂಡವರ ಕಥೆ ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಇದು ಕೆಟ್ಟ ವ್ಯಾಪಾರ ಅಂತ ಅಲ್ಲ. ಗುಡ್ ಸ್ಯಾಮ್ ಅನ್ನೋ ಸದಸ್ಯತ್ವ ಕ್ಲಬ್ ಇದೆ. ರಸ್ತೆಯಲ್ಲಿ ಗಾಡಿ ಕೆಟ್ಟರೆ ನೆರವು, ವಿಮೆ, ವಾರಂಟಿ ಯೋಜನೆಗಳು. ಅದರಲ್ಲಿ ಬರುವುದು ಒಟ್ಟು ಆದಾಯದ ಚಿಕ್ಕ ಭಾಗ, ಮಾರ್ಜಿನ್ ಮಾತ್ರ ಭರ್ಜರಿ, ಏರಿಳಿತವೂ ಕಡಿಮೆ. ಉದ್ಯಮ ಸಂಘದ 2021ರ ಸಮೀಕ್ಷೆ ಪ್ರಕಾರ ಅಮೆರಿಕದಲ್ಲಿ 1.12 ಕೋಟಿ ಮನೆಗಳಲ್ಲಿ ಆರ್‌ವಿ ಇತ್ತು. ಹೊಸದು ಕೊಳ್ಳದಿದ್ದರೂ ಅವರು ರಿಪೇರಿ ಮಾಡಿಸಲೇಬೇಕು. ನನ್ನ ಕೈಗೆ ಲೆಕ್ಕ ಕೊಟ್ಟರೆ ಈ ಭಾಗಕ್ಕೆ ಜಾಸ್ತಿ ಪಟ್ಟು ಕೊಡುತ್ತೇನೆ, ಗಾಡಿ ಮಾರುವ ಭಾಗಕ್ಕೆ ಕಡಿಮೆ. ಎಲ್ಲಕ್ಕೂ ಒಂದೇ ಪಿಇ ಹೊಡೆಯುವುದು ಸೋಮಾರಿತನ. ಇನ್ನೊಂದು ಮಾತು, ಕಷ್ಟದ ಕಾಲದಲ್ಲಿ ದೊಡ್ಡವರಿಗೆ ಲಾಭವೂ ಇದೆ. ಫ್ಲಾರಿಡಾದ ಲೇಜಿಡೇಸ್ ಎಂಬ ಇನ್ನೊಂದು ಆರ್‌ವಿ ಮಳಿಗೆ ಜಾಲ ಬಿಕ್ಕಟ್ಟಿಗೆ ಸಿಕ್ಕಾಗ 2024ರ ಕೊನೆಗೆ ತನ್ನ ಕೆಲವು ಮಳಿಗೆಗಳನ್ನು ಮಾರಲು ಹೊರಟದ್ದು ಕ್ಯಾಂಪಿಂಗ್ ವರ್ಲ್ಡ್‌ಗೇ.

ಹಾಗಾಗಿ ಮುಂದಿನ ಸಲ ಇಂಥ ಪಟ್ಟಿ ಗ್ರೂಪಿಗೆ ಹಾಕುವಾಗ ಹಿಂದಿನ ನಷ್ಟದ ವರ್ಷದ ಲಾಭಾಂಕಿಯನ್ನೂ ಪಕ್ಕದಲ್ಲಿ ಬರೆಯಿರಿ ಮಹರಾಯರೇ. ನನ್ನ ಬಳಿ ಈ ಷೇರು ಇಲ್ಲ, ಕೊಳ್ಳಿ ಅಂತಲೂ ಮಾರಿ ಅಂತಲೂ ಹೇಳುತ್ತಿಲ್ಲ. ಸರಾಸರಿ ತೆಗೆಯುವ ಬದಲು ಬೇರೆ ದಾರಿಯಲ್ಲಿ ಲೆಕ್ಕ ಹಾಕುವವರಿದ್ದರೆ ಕಾಮೆಂಟಿನಲ್ಲಿ ಅಂಕಿ ಸಮೇತ ಜಗಳಕ್ಕೆ ಬನ್ನಿ.