ಮೂಗು ಬರೆದ ಕೈಯೇ ಕೆನ್ನೆ ಒರೆಸಿತು

ಪೆನ್ಸಿಲ್ ಚಿತ್ರ ಹಾಳಾದರೆ ಬೈಗುಳ ಪೆನ್ಸಿಲ್‌ಗೆ. ಅದೋ ಪಾಪ, ಎಳೆದ ಕಡೆ ಗೆರೆ ಬಿಟ್ಟು ಸುಮ್ಮನಿರುತ್ತದೆ. ಕೆಡಿಸುವ ಕೆಲಸವೆಲ್ಲ ಅಂಗೈಯದು, ಬೆರಳಿನದು, ಬಾಯಿಯದು.

ಬಲಗೈಯವರು ಹಾಳೆಯ ಬಲಬದಿಯ ಕಣ್ಣನ್ನು ಮೊದಲು ಮುಗಿಸಿ ಎಡಕ್ಕೆ ಸರಿದರೆ, ಆ ಕಣ್ಣಿನ ಕಾಡಿಗೆ ಅಂಗೈಗೆ ಅಂಟಿ ಮುಖವೆಲ್ಲ ಸುತ್ತಾಡುತ್ತದೆ. ಮೇಲಿನ ಎಡ ಮೂಲೆಯಿಂದ ಶುರುಮಾಡಿ ಬಲಕ್ಕೆ, ಕೆಳಕ್ಕೆ ಬನ್ನಿ. ಎಡಗೈಯವರು ಮೇಲಿನ ಬಲ ಮೂಲೆಯಿಂದ. ಕೈಯಡಿ ಒಂದು ಬಿಳಿ ಕಾಗದವಿರಲಿ. ಅದನ್ನು ಎತ್ತಿ ಇಡಬೇಕು, ಎಳೆಯಬಾರದು. ಎಳೆದರೆ ಅಂಗೈ ಮಾಡುತ್ತಿದ್ದ ಕೆಲಸವನ್ನೇ ಕಾಗದ ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ.

ಶೇಡಿಂಗ್ ನಯವಾಗಲಿ ಎಂದು ಬೆರಳಿನಿಂದ ಉಜ್ಜುವುದು ಇನ್ನೊಂದು ಚಟ. ಚರ್ಮದ ಜಿಡ್ಡು ಕಾಗದಕ್ಕಿಳಿದು ಪೆನ್ಸಿಲಿನ ಕಪ್ಪು, ಅಂದರೆ ಗ್ರಾಫೈಟ್, ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಅಳಿಸಿದರೂ ಹಣೆಯ ಮೇಲಿನ ಬೆರಳಚ್ಚು ಹೋಗುವುದಿಲ್ಲ. ಕಾಗದ ಸುತ್ತಿ ಮಾಡಿದ ಕಡ್ಡಿಯಿಂದ ಅಥವಾ ಟಿಶ್ಯೂವಿನಿಂದ ಮೆಲ್ಲಗೆ ಸವರಿದರೆ ಸಾಕು.

ಪೆನ್ಸಿಲ್ ಕಡ್ಡಿಗೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ: ಅದು ಎಚ್. ಗ್ರಾಫೈಟ್ ಹೆಚ್ಚಾದರೆ ಮೆದು, ಕಪ್ಪು: ಅದು ಬಿ. ಜೊತೆಗಿನ ಅಂಕಿ ಏರಿದಷ್ಟೂ ಆ ಗುಣ ಹೆಚ್ಚು. ಇಷ್ಟು ಗೊತ್ತಿಲ್ಲದೆ 2ಎಚ್ ಹಿಡಿದು ಕಣ್ಣಿನ ಪಾಪೆ ಕಪ್ಪಾಗಲಿ ಎಂದು ಒತ್ತಿದರೆ, ಪಾಪೆ ಕಪ್ಪಾಗುವುದಿಲ್ಲ, ಕಾಗದದಲ್ಲಿ ಹಳ್ಳ ಬೀಳುತ್ತದೆ. ಮೇಲೆ ಏನು ಬಳಿದರೂ ಆ ಹಳ್ಳ ಬಿಳಿ ಗೆರೆಯಾಗಿ ಇಣುಕುತ್ತಲೇ ಇರುತ್ತದೆ. ಹಾಗೆಂದು 6ಬಿಯನ್ನು ಬಲವಾಗಿ ತಿಕ್ಕಿದರೆ ಗ್ರಾಫೈಟ್ ಹೊಳೆಯತೊಡಗಿ, ದೀಪದ ಕೆಳಗೆ ಹಿಡಿದಾಗ ಕಡುಗಪ್ಪು ಕೂದಲು ಒಂದೇ ಸಲಕ್ಕೆ ನರೆಯುತ್ತದೆ. ಎರಡರ ನಡುವಿನ ಎಚ್‌ಬಿಯಲ್ಲಿ ತಿಳಿಯಾಗಿ ಆಕಾರ, 2ಬಿಯಲ್ಲಿ ನೆರಳು, ಕೊನೆಗೆ ಕಪ್ಪಿಗೆ 6ಬಿ. ಒತ್ತುವ ಬದಲು ಮೂರು-ನಾಲ್ಕು ಪದರ ಏರಿಸಿ. ಹನ್ನೆರಡು ಪೆನ್ಸಿಲ್‌ಗಳ ಡಬ್ಬಿಯಲ್ಲಿ ಉಳಿದ ಒಂಬತ್ತು ಡಬ್ಬಿಯ ಅಂದಕ್ಕೆ. ಕಾಗದ ಮಾತ್ರ ಸ್ವಲ್ಪ ತರಿಯಾಗಿ, 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸಿನಲ್ಲಿರಲಿ; ನುಣುಪು ಹಾಳೆಯಲ್ಲಿ ಎರಡನೇ ಪದರವೇ ಜಾರುತ್ತದೆ.

ಮುಖದಲ್ಲಿ ಮೊದಲು ಎಡವುವುದು ಕಣ್ಣಿನ ಜಾಗದಲ್ಲಿ. ನೆತ್ತಿಯಿಂದ ಗದ್ದಕ್ಕೆ ಅಳೆದರೆ ಕಣ್ಣು ಬರುವುದು ಸರಿಸುಮಾರು ನಡುವೆ. ಹೊಸಬರು ಅದನ್ನು ಹಣೆಗೇ ಏರಿಸುತ್ತಾರೆ. ಎರಡರ ನಡುವೆ ಒಂದು ಕಣ್ಣಿನಷ್ಟು ಅಂತರವಿರಬೇಕು. ಆದರೆ ಆಗುವುದೇನು? ಒಂದು ಕಣ್ಣನ್ನು ರೆಪ್ಪೆಗೂದಲ ಸಮೇತ ಮುಗಿಸಿಬಿಡುತ್ತಾರೆ. ಎರಡನೆಯದು ಚಿಕ್ಕದಾಗುತ್ತದೆ, ಹಿಗ್ಗಿಸುತ್ತಾರೆ. ಆಗ ಮೊದಲನೆಯದು ಚಿಕ್ಕದು. ಹೀಗೆ ಸಮ ಮಾಡುತ್ತ ಹೋಗಿ ಸಂಜೆಗೆ ಗೂಬೆ ಸಿದ್ಧ. ಎರಡನ್ನೂ ಜೊತೆಜೊತೆಗೇ ತಿಳಿಗೆರೆಯಲ್ಲಿ ಎಬ್ಬಿಸಿ. ಹಲ್ಲಿನ ನಡುವೆ ಗೆರೆ ಹಾಕಬೇಡಿ, ನಗುವಿಗೆ ಇಪ್ಪತ್ತು ವರ್ಷ ವಯಸ್ಸಾಗುತ್ತದೆ.

ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ ಬರೆದರೆ ಕಣ್ಣಿಗೆ ಅದು ಓರೆಯಾಗಿ, ಕುಗ್ಗಿ ಕಾಣುತ್ತದೆ. ಕೈ ಅದನ್ನು ಸರಿದೂಗಿಸಲು ಉದ್ದ ಎಳೆಯುತ್ತದೆ. ಎತ್ತಿ ಹಿಡಿದಾಗಲೇ ಗದ್ದ ಎಷ್ಟು ಇಳಿದಿದೆ ಎಂಬುದು ಗೊತ್ತಾಗುವುದು. ಹಾಳೆಯನ್ನು ಹಲಗೆಗೆ ಸಿಕ್ಕಿಸಿ, ಕಣ್ಣಿಗೆ ಎದುರಾಗುವಂತೆ ಓರೆಯಾಗಿ ನಿಲ್ಲಿಸಿ. ಆಗಾಗ ಚಿತ್ರವನ್ನು ಕನ್ನಡಿಗೆ ಹಿಡಿಯಿರಿ, ಸೊಟ್ಟ ತಾನಾಗಿ ಬಯಲಾಗುತ್ತದೆ.

ರಬ್ಬರ್ ಪುಡಿಯನ್ನು ಉಫ್ ಎಂದು ಊದುವವರ ಚಿತ್ರದಲ್ಲಿ ಮೂಗಿನ ಪಕ್ಕ ಹೊಸ ಮಚ್ಚೆಗಳು ಮೂಡುತ್ತವೆ. ಅದು ಎಂಜಲ ಹನಿ. ಮೆತ್ತನೆ ಬ್ರಷ್‌ನಿಂದ ಗುಡಿಸಿ.

ಕೊನೆಗೆ ಫಿಕ್ಸೆಟಿವ್, ಅಂದರೆ ಗ್ರಾಫೈಟ್ ಅಳಿಸಿಹೋಗದಂತೆ ಹಿಡಿದಿಡುವ ಸ್ಪ್ರೇ. ಗಾಳಿಯಾಡುವ ಕಡೆ, 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಸಲ. ಹತ್ತಿರದಿಂದ ಹೊಡೆದರೆ ಹನಿಗಟ್ಟಿ ಕಲೆಯಾಗುತ್ತದೆ. ಒಂದು ಕಿವಿ ಬರೆದೇ ಇಲ್ಲ ಎಂಬುದು ಸಾಮಾನ್ಯವಾಗಿ ಇದು ಒಣಗಿದ ಮೇಲೆ ಕಣ್ಣಿಗೆ ಬೀಳುತ್ತದೆ. ವರ್ಕೆಬಲ್ ಫಿಕ್ಸೆಟಿವ್ ಆಗಿದ್ದರೆ ಅದರ ಮೇಲೂ ಪೆನ್ಸಿಲ್ ಹಿಡಿಯುತ್ತದೆ. ಕಿವಿ ಬರೆಯುವ ಧೈರ್ಯ ಇಲ್ಲದವರು ಆ ಬದಿಗೆ ಒಂದಿಷ್ಟು ಕೂದಲು ಇಳಿಬಿಡಬಹುದು.