ಮದುಮಗನಿಗೆ ಮನೆ ಇದೆಯಾ?

ಮಳೆ ಒಂದು ವಾರ ತಡವಾದರೆ ಸಾಕು, ನಮ್ಮಲ್ಲಿ ಕಪ್ಪೆಗಳಿಗೆ ಕಂಕಣ ಭಾಗ್ಯ ಕೂಡಿಬರುತ್ತದೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂಬ ಜೋಡಿಯ ಮದುವೆ ನಡೆಯಿತು. ಅದೇ ವರ್ಷ ಭೋಪಾಲದಲ್ಲೂ ಒಂದು ಕಪ್ಪೆ ಮದುವೆ ಆಯಿತು. ಅಲ್ಲಿ ಮಳೆ ಬಂದದ್ದು ನಿಲ್ಲಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ವಿಚ್ಛೇದನ ಕೊಡಿಸಿದರು. ಜೀವನಾಂಶದ ಮಾತು ಯಾರೂ ಎತ್ತಿದಂತಿಲ್ಲ.

ಮದುವೆ ಬಗ್ಗೆ ನನ್ನ ತಕರಾರಿಲ್ಲ. ಊಟ ಚೆನ್ನಾಗಿದ್ದರೆ ನಾನೂ ಹೋಗುತ್ತೇನೆ. ಆದರೆ ಹೆಣ್ಣು ಕೊಡುವ ಮುಂಚೆ ಹುಡುಗನಿಗೆ ಮನೆ ಇದೆಯಾ ಅಂತ ವಿಚಾರಿಸಬೇಕಲ್ವಾ? ಇವನ ಮನೆ ಊರ ಮದಗದಲ್ಲಿತ್ತು. ಅದಕ್ಕೆ ಟಿಪ್ಪರ್‌ಗಟ್ಟಲೆ ಕೆಂಪು ಮಣ್ಣು ಬಿತ್ತು. ಪಕ್ಕದ ಗದ್ದೆ ಸೈಟಾಯಿತು. ಉಳಿದ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರು.

ಗಂಡು ಕಪ್ಪೆ ವಟಗುಟ್ಟುವುದು ಹೆಣ್ಣನ್ನು ಕರೆಯಲಿಕ್ಕೆ. ಮಳೆಗೆ ನೀರು ನಿಂತರೆ ಮೊಟ್ಟೆ ಇಡಬಹುದು ಎಂಬ ಲೆಕ್ಕ ಅದರದು. ಅಂದರೆ ಮಳೆ ಬಂತು ಅಂತ ಮದುವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರೆ. ನಾವು ಅದಕ್ಕಿಂತ ಮುಂದೆ. ಕುಲಾವಿ ಹೊಲಿಸಿದರೆ ಕೂಸು ಹುಟ್ಟುತ್ತದೆ ಅಂತ ನಂಬಿದವರು.

ಇನ್ನು ನೆಂಟರಿಷ್ಟರು. ಗೊದಮೊಟ್ಟೆಗಳು ನೀರಿನ ಪಾಚಿ ಮೇಯುತ್ತಿದ್ದವು. ದೊಡ್ಡ ಕಪ್ಪೆಗಳು ಗದ್ದೆಯ ಹುಳ ನುಂಗುತ್ತಿದ್ದವು. ಕಪ್ಪೆಯನ್ನು ಕೇರೆ ಹಾವು ನುಂಗುತ್ತಿತ್ತು, ಇಲಿಯನ್ನೂ ಬಿಡುತ್ತಿರಲಿಲ್ಲ. ಬೀಗರೊಳಗೆ ಬೀಗರು. ಈಗ ಕಪ್ಪೆ ಇಲ್ಲ, ಕೇರೆ ಹಾವೂ ಇಲ್ಲ. ಹುಳಕ್ಕೆ ಔಷಧಿ ಅಂಗಡಿ, ಇಲಿಗೆ ಪಾಷಾಣ, ಸೊಳ್ಳೆಗೆ ಹೊಗೆ ಬಿಡುವ ಗಾಡಿ. ಸಂಬಳವಿಲ್ಲದೆ ನಡೆಯುತ್ತಿದ್ದ ಕೆಲಸಕ್ಕೆ ಈಗ ಟೆಂಡರ್. ಯಾರಿಗೂ ನಷ್ಟವಿಲ್ಲ ಬಿಡಿ, ಕಪ್ಪೆ ಕಮಿಷನ್ ಕೊಡುತ್ತಿರಲಿಲ್ಲ.

ಒಂದು ಕಾಲದಲ್ಲಿ ನಮಗೆ ಕಪ್ಪೆಯ ಕಾಲಷ್ಟೇ ಬೇಕಿತ್ತು. ಕತ್ತರಿಸಿ ಹೊರದೇಶದ ತಟ್ಟೆಗಳಿಗೆ ಕಳಿಸುತ್ತಿದ್ದೆವು. 1987ರಲ್ಲಿ ಸರ್ಕಾರ ಆ ರಫ್ತು ನಿಷೇಧಿಸಿತು. ಆಗ ಕಾಲು ಕತ್ತರಿಸಿದ ನಾವೇ ಈಗ ಕಾಲುಂಗುರ ತೊಡಿಸುತ್ತಿದ್ದೇವೆ. ಪ್ರಗತಿಯೇ.

ಒಳ್ಳೆಯ ವರ ಬೇಕಿದ್ದರೆ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿದ್ದಾನೆ. 2014ರಲ್ಲಿ ವಿಜ್ಞಾನಿಗಳು ಅವನ ಜಾತಿಗೆ ಇಟ್ಟ ಹೆಸರೇ ಕುಂಬಾರ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡೇ ಹಳ್ಳದ ಮಣ್ಣು ತಂದು ಅದಕ್ಕೆ ಮೆತ್ತುತ್ತದೆ. ಮನೆಕೆಲಸ ಮಾಡುವ ಅಳಿಯ! ಆದರೆ ಅವನಿಗೆ ಹರಿಯುವ ಹಳ್ಳ ಬೇಕು, ಕಾಡಿನ ನೆರಳು ಬೇಕು. ಬೇಡಿಕೆ ಸ್ವಲ್ಪ ಜಾಸ್ತಿಯಾಯಿತು.

ನಿನ್ನೆ ಈ ಸಲದ ಕಪ್ಪೆ ಮದುವೆಯ ಆಮಂತ್ರಣ ಪತ್ರಿಕೆ ಬಂತು. ಸ್ಥಳ: ಕಲ್ಯಾಣ ಮಂಟಪ, ಮದಗದ ಹತ್ತಿರ. ತಂದುಕೊಟ್ಟ ಹುಡುಗನನ್ನು ಕೇಳಿದೆ, ‘ಮದಗ ಎಲ್ಲಿದೆ ಮಾರಾಯ?’

‘ಅದೇ ಸಾರ್, ಪಾರ್ಕಿಂಗ್.’